ಒಗಟಿಗೆ ಸೋತು ಕೊಟ್ಟ ಊರು

ಪದಬಂಧದ ಸುಳಿವು ಬಿಡಿಸುವುದು ಹೇಗೆಂದು ಮೊಮ್ಮಗಳು ಇಂದು ಕೇಳಿದಾಗ ನಮ್ಮ ಅಜ್ಜಿ ಕಾಶವ್ವಾಯಿ ನೆನಪಾದಳು. ಘಟಪ್ರಭೆಗೆ ಅಣೆಕಟ್ಟು ಬರುತ್ತದೆ, ಊರು ಖಾಲಿ ಮಾಡಬೇಕು ಎಂದು ಹುಕ್ಕೇರಿ ಕಡೆಯ ನಮ್ಮ ಹಳ್ಳಿಯಲ್ಲಿ ಡಂಗುರ ಸಾರಿದ ಸಂಜೆ, ಅವಳು ಕಟ್ಟೆಯ ಮೇಲೆ ಕುಳಿತು ನಮಗೊಂದು ಹೊಸ ಒಗಟು ಹೇಳಿದಳು.

“ಕಾಲಿಲ್ಲದ ಬರತೈತಿ, ಹಲ್ಲಿಲ್ಲದ ನುಂಗತೈತಿ. ಏನ್ ಹೇಳ್ರಿ?”

“ಹಾವು!” ಎಂದೆ ನಾನು.

“ಹಾವಿಗೆ ಹಲ್ಲಿಲ್ಲೇನ, ಖೋಡಿ? ಅರ್ಧಾ ಕೇಳಿ ಓಡಬ್ಯಾಡ. ಎರಡೂ ಮಾತು ಒಂದಕ್ಕ ಹೊಂದಬೇಕು.”

ಎಷ್ಟು ಯೋಚಿಸಿದರೂ ನಮಗೆ ಹೊಳೆಯಲಿಲ್ಲ. ಸೋತವರು ಒಗಟು ಹೇಳಿದವರಿಗೆ ಆಟದ ಮಾತಿಗೆ ಒಂದು ಊರು ಕೊಟ್ಟರೆ ಮಾತ್ರ ಉತ್ತರ ಸಿಗುತ್ತಿತ್ತು. ಹತ್ತರಗಿ, ಕೊಣ್ಣೂರ ಎಲ್ಲವನ್ನೂ ಹಿಂದೆಯೇ ಕೊಟ್ಟು ಮುಗಿಸಿದ್ದೆವು.

“ನಮ್ಮೂರ ತಗೋ ಆಯಿ,” ಎಂದಳು ತಂಗಿ ಗಂಗಿ.

ಯಾವ ಊರು ಕೊಟ್ಟರೂ ನಗುತ್ತಿದ್ದ ಆಯಿ, ಅಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಅದನ್ನ ಕೊಡಾಕ ನಮ್ಮ ಕೈಯಾಗ ಎಲ್ಲೈತಿ, ನನ ಕೂಸ? ಉತ್ತರಾ ನೀರು.”

ಮರುದಿನ ಬೆಳಿಗ್ಗೆ ಸರ್ವೆಯವರು ಬಂದು ಮನೆಗೋಡೆಗಳ ಮೇಲೆ ಸುಣ್ಣದಿಂದ ನಂಬರು ಬರೆಯತೊಡಗಿದರು. ನಾವು ಮಕ್ಕಳೆಲ್ಲ ಸೆಗಣಿ ಕಲಸಿಕೊಂಡು, ಅವರ ಹಿಂದೆಯೇ ಒಂದೊಂದನ್ನೂ ಸಾರಿಸುತ್ತ ಹೋದೆವು. ಅವರು ಬಯ್ಯಲಿಲ್ಲ. ಓಣಿಯ ಕೊನೆ ಮುಟ್ಟಿ, ತಿರುಗಿ ಬಂದು, ಹಸಿ ಸೆಗಣಿಯ ಮೇಲೆಯೇ ಮತ್ತೆ ಬರೆದರು.