ಮಗ್ಗದ ಜೋಗುಳ

ಅವ್ವ ಇವತ್ತು ಮುಂಜಾನೆ ನನ್ನ ಟ್ರಂಕು ತೆಗೆದು, ಅದರಲ್ಲಿ ಮಡಿಕೆ ಬಿಚ್ಚದೆ ಇಟ್ಟಿದ್ದ ಹೊಸ ಚಾದರವನ್ನು ನನ್ನನ್ನು ಕೇಳದೆ ಬಕೇಟಿನಲ್ಲಿ ಅದ್ದಿಬಿಟ್ಟಳು. ಬಿಸಿನೀರು ತಾಗಿದ್ದೇ ತಡ, ಗಂಜಿಯ ವಾಸನೆ ಎದ್ದಿತು. ಹುಳಿಹುಳಿಯಾಗಿ, ಬೆಚ್ಚಗೆ, ಒಂಚೂರು ಹಸಿ ಬಣ್ಣದ ಘಾಟು ಬೆರೆತು... ಸೊಲ್ಲಾಪುರದಲ್ಲಿ ಹುಟ್ಟಿದವರ ಮೂಗಿಗೆ ತಾಯಿಹಾಲು ಬಿಟ್ಟರೆ ಇದೇ ಮೊದಲ ವಾಸನೆ. ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡು ಬಚ್ಚಲ ಬಾಗಿಲಲ್ಲೇ ನಿಂತೆ. ಆ ಹಬೆಯೊಳಗಿಂದ ನಮ್ಮ ಕನ್ನಡ ಮಾಸ್ತರು ಕನ್ನಡಕ ಒರೆಸಿಕೊಳ್ಳುತ್ತ ಎದ್ದು ಬಂದರು.

ಮೊದಲು ನನ್ನ ವಿಷಯ ನಾನೇ ಹೇಳಿಬಿಡುತ್ತೇನೆ. ಓಣಿಯವರು ಹೇಳಿದರೆ ಇನ್ನೂ ಕೆಟ್ಟದಾಗಿರುತ್ತದೆ. ನಾನು ಮಂದಿಯನ್ನು ಅಣಕಿಸುವವ. ಪಾಳಿ ಬದಲಾದಾಗ ಕೂಗುವ ಗಿರಣಿಯ ಭೋಂಗಾ, ಕಾಯಿಪಲ್ಲೆ ಮಾರುವ ಮಾವಶಿ, ಹೆಡ್ಮಾಸ್ತರರ ಕೆಮ್ಮು ಎಲ್ಲವೂ ನನ್ನ ಗಂಟಲಲ್ಲಿ ಬಿಡಾರ ಹೂಡಿದ್ದವು. ಸ್ವಂತ ದನಿಯೊಂದು ಇತ್ತು, ಸೀಳಿದ ಪೀಪಿಯಂಥದ್ದು. ಅದನ್ನೂ ನಾನೇ ಅಣಕಿಸುತ್ತಿದ್ದೆ.

ಮಾಸ್ತರು ಅಕ್ಕಲಕೋಟೆಯವರು. ನಮ್ಮ ಕನ್ನಡ ಸಾಲಿಯಲ್ಲಿ ಹಂಗಾಮಿ. ಹೆಂಡತಿಯೂ ಹಾಲುಗಲ್ಲದ ಮಗಳೂ ಅಕ್ಕಲಕೋಟೆಯಲ್ಲೇ ಇದ್ದರು. ಶನಿವಾರ ಅರ್ಧ ದಿನದ ಸಾಲಿ ಬಿಟ್ಟೊಡನೆ ಮೋಟರ್ ಹಿಡಿಯಲು ಓಡುವರು. ಕೆಲಸ ಕಾಯಂ ಆದರೆ ಅವರಿಬ್ಬರನ್ನೂ ಕರೆತರಬೇಕೆಂದು ನಮ್ಮ ವಾಡೆಯಲ್ಲಿ ಎದುರಿಗೇ ಖಾಲಿ ಇದ್ದ ಖೋಲಿ ನೋಡಲು ಬಂದಿದ್ದರು. ಕಿಟಕಿ ನೋಡಲಿಲ್ಲ, ನಳ ಎಲ್ಲಿದೆ ಎಂದು ಕೇಳಲಿಲ್ಲ. ತಲೆಯೆತ್ತಿ ತೊಲೆಯನ್ನೇ ನೋಡುತ್ತ, "ತೊಟ್ಟಿಲಾ ಕಟ್ಟಾಕ ಕೊಂಡಿ ಅದ ಏನ್ರೀ ಅವ್ವಾರ?" ಎಂದಿದ್ದರು. ಕೊಂಡಿ ಇತ್ತು. ಅವ್ವ ಅದಕ್ಕೆ ಎಣ್ಣೆ ಹಚ್ಚಿ ಇಟ್ಟಳು.

ಸಾಲಿ ಕಮಿಟಿಯ ಚೇರಮನ್ನರೇ ನಮ್ಮ ಓಣಿಯ ಚಾದರ ಕಾರಖಾನೆಯ ಮಾಲಕರು. ನಮ್ಮಪ್ಪ ಅಲ್ಲೇ ಮಗ್ಗದ ಮುಂದೆ. ಗಾಳಿ ಬಂದರೆ ನೂಲು ಹರಿಯುತ್ತದೆಂದು ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಒಳಗೆ ಬೆವರು, ಹತ್ತಿಯ ಧೂಳು, ಖಟಾಖಟ್ ಸಪ್ಪಳ. ಅಲ್ಲಿ ಬಾಯಿಂದ ಮಾತಾಡಿ ಉಪಯೋಗವಿಲ್ಲ. ಕೈ, ಹುಬ್ಬು, ತುಟಿಯ ಸನ್ನೆಯಲ್ಲೇ ಸುಖದುಃಖ ಮುಗಿಸುತ್ತಿದ್ದರು. ಮನೆಗೆ ಬಂದರೆ ಮಾತ್ರ, ಕಿವಿ ಮಂದವಾದದ್ದಕ್ಕೆ, ಒಬ್ಬೊಬ್ಬರದೂ ಗುಡುಗು. ನಮ್ಮಪ್ಪ ಊಟಕ್ಕೆ ಕೂತು "ಉಪ್ಪು" ಅಂದರೆ ಹಿಂದಿನ ಓಣಿಯಲ್ಲಿ ಯಾರೋ ಉಪ್ಪು ತಂದುಕೊಡಲು ಎದ್ದಿರುತ್ತಿದ್ದರು.

ಆ ವರ್ಷ ಊರಿನ ವಾರಪತ್ರಿಕೆಯೊಂದರಲ್ಲಿ ಆ ಕಾರಖಾನೆಯ ಮೇಲೆ ಲೇಖನ ಬಂತು. ಮಕ್ಕಳಿಗೆ ಪಾಠ ಮಾಡಿರಿ, ಸಾಲಿಯ ವಾರ್ಷಿಕ ಗ್ಯಾದರಿಂಗಿನಲ್ಲಿ ಓದಿಸಿರಿ ಎಂದು ಚೇರಮನ್ನರ ಅಪ್ಪಣೆಯೂ ಬಂತು. ಮಾಸ್ತರು ಒಂದು ಮಧ್ಯಾಹ್ನ ಆ ಲೇಖನವನ್ನು ವರ್ಗದಲ್ಲಿ ಓದಿದರು. ಹೊರಗೆ ಬಿಸಿಲು, ಕಿಟಕಿಯಲ್ಲಿ ತೇಲುವ ಹತ್ತಿಯ ಎಳೆ, ದೂರದಲ್ಲಿ ಮಗ್ಗದ ಸದ್ದು... ಅವರ ಮೆತ್ತನೆಯ ದನಿಗೆ ಅರ್ಧ ವರ್ಗ ತೂಕಡಿಸುತ್ತಿತ್ತು. "ಕಾರಖಾನೆಯೊಂದು ತೊಟ್ಟಿಲು. ಮಗ್ಗಗಳು ಜೋಗುಳ ಹಾಡುತ್ತವೆ. ಕಾರ್ಮಿಕರು ತಾಯ ಮಡಿಲ ಕೂಸುಗಳಂತೆ ಬೆಚ್ಚಗಿದ್ದಾರೆ."

ಓದಿ, ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು.

"ಕೂಸುಗಳಂತೆ ಅಂದ್ರ ಉಪಮಾ. ಕಾರಖಾನಿನೇ ತೊಟ್ಟಿಲಾ ಅಂದ್ರ ರೂಪಕ. ಇಷ್ಟು ಬರಕೊಂಡ್ರ ಪಾಸ್ ಆಗ್ತೀರಿ. ಇನ್ನ ಪಾಸ್ ಆದ ಮ್ಯಾಲಿಂದು ಕೇಳ್ತೀನಿ. ಜೋಗುಳ ಯಾಕ ಹಾಡ್ತಾರ್‍ಲೇ?"

"ಕೂಸು ಮಲಗ್ಲಿ ಅಂತರಿ," ಅಂದೆ, ಹೆಡ್ಮಾಸ್ತರರ ಕೆಮ್ಮು ಸೇರಿಸಿ.

"ಕಾರಖಾನಿಯೊಳಗ ನಿಮ್ಮಪ್ಪ ಮಲಗ್ತಾನೇನು?"

"ಮಲಗಿದ್ರ ಮಾಲಕರು ಎಬ್ಬಸ್ತಾರ್ರಿ, ಕಾಯಂ!"

ಎಲ್ಲರೂ ನಕ್ಕರು. ಮಾಸ್ತರು ನಗಲಿಲ್ಲ. "ಹಂಗಾರ ಈ ಜೋಗುಳ ಕೇಳಿ ಯಾರು ಮಲಗಬೇಕಾಗೇದ? ಬರದಾಂವ ಏನು ಬರದಾನ ಅನ್ನೂದು ಅರ್ಧಾ ಪಾಠ. ಯಾಕ ಬರದಾನ ಅನ್ನೂದು ಉಳದರ್ಧ."

ತೂಕಡಿಸುತ್ತಿದ್ದವರು ಒಬ್ಬೊಬ್ಬರೇ ನೆಟ್ಟಗೆ ಕೂತರು.

ಗ್ಯಾದರಿಂಗಿನ ದಿನ ಓಣಿಗೆ ಓಣಿಯೇ ಬಂದು ಕೂತಿತ್ತು. ಪರದೆಯ ಹಿಂದೆ ಚೇರಮನ್ನರು ಮಾಸ್ತರರ ಹೆಗಲ ಮೇಲೆ ಕೈಯಿಟ್ಟು, "ಲೇಖನ ಚೊಲೋತಂಗ ಆಗ್ಲಿ ಮಾಸ್ತರ. ನಾಳೆನೇ ನಿಮ್ಮ ಕಾಯಂ ಆರ್ಡರಿಗೆ ಸಹಿ ಮಾಡ್ತೀನಿ," ಎಂದದ್ದು ನನಗೆ ಕೇಳಿಸಿತು. ಮಾಸ್ತರು ಬಹಳ ಹೊತ್ತು ಕನ್ನಡಕ ಒರೆಸಿದರು. ಬಳಿಕ ನನ್ನನ್ನು ಕರೆದರು.

"ತಮ್ಮಾ, ಮಗ್ಗ ಹಾಡ್ತಾವ ಅಂತ ಬರದಾರ. ಮಂದಿಗೆ ಕೇಳಿಸಬೇಕಲ್ಲ? ಲೇಖನ ನಿಮ್ಮ ವರ್ಗದ ಆ ಹುಡುಗಿ ಓದತಾಳ. ನೀ ಹಾಡು. ಅಲ್ಲಿ ಹೆಂಗ ಹಾಡ್ತಾವೋ ಹಂಗ."

ಹುಡುಗಿ ಓದತೊಡಗಿದಳು. ನಾನು ಗಂಟಲು ಬಿಟ್ಟೆ. ಖಟ್ ಖಟಾ ಖಟ್! ಹಲಗೆಯ ಮೇಲೆ ಕಾಲೂ ಕುಟ್ಟಿದೆ. ನೇಕಾರರ ಮಕ್ಕಳಿಗೆ ಹೇಳಿಕೊಡಬೇಕೇ? ವರ್ಗಕ್ಕೆ ವರ್ಗವೇ ಕುಟ್ಟಿತು. ಹುಡುಗಿಯ ತುಟಿಗಳು ಅಲ್ಲಾಡುತ್ತಿದ್ದವು. ತೊಟ್ಟಿಲೂ ಮಡಿಲೂ ಆ ಸಪ್ಪಳದಲ್ಲಿ ಎಲ್ಲೋ ಮುಳುಗಿಹೋದವು. ಕೂತಿದ್ದ ನೇಕಾರರು ರೂಢಿಯಂತೆ ಕೈಸನ್ನೆಯಲ್ಲೇ ಮಾತಿಗೆ ಇಳಿದರು. ಕನಸಿನಲ್ಲಿ ಕಂಡಂತೆ ಅಷ್ಟು ಕೈಗಳು, ಲಾಟೀನಿನ ಬೆಳಕಲ್ಲಿ ಹಕ್ಕಿಗಳ ಹಾಗೆ...

ಚೇರಮನ್ನರು ಕಿವಿಗೆ ಕೈ ಹಚ್ಚಿ ಎದ್ದು ನಿಂತರು. "ಏನು ಓದಾಕತ್ತಾಳರೀ? ಏನೂ ಕೇಳವಲ್ದು!"

ಅವರ ಮುಂದೆ ಎಂದೂ ಬಾಯಿ ತೆರೆಯದ ನಮ್ಮಪ್ಪ, ಉಪ್ಪು ಕೇಳುವ ದನಿಯಲ್ಲೇ ಕೂಗಿದ: "ನಮಗೂ ಕೇಳಂಗಿಲ್ರಿ, ಮಾಲಕ್ರ!"

ನಗುವಿಗೆ ಮಂಟಪದ ಹಗ್ಗ ನಡುಗಿತು. ಎಲ್ಲರೂ ಎಚ್ಚರಾಗಿದ್ದರು.

ಮರುದಿನ ಸಹಿ ಆಗಲಿಲ್ಲ. ಆ ವಾರವೇ ಮಾಸ್ತರರ ಜಾಗಕ್ಕೆ ಬೇರೆಯವರು ಬಂದರು. ಮೋಟರ್ ಸ್ಟ್ಯಾಂಡಿಗೆ ಅವರ ಚೀಲ ಹೊತ್ತುಕೊಂಡು ಹೋದವ ನಾನು. ದಾರಿಯುದ್ದಕ್ಕೂ ಯಾರನ್ನೂ ಅಣಕಿಸಲಿಲ್ಲ, ನನಗೇ ಆಶ್ಚರ್ಯ. ಕೊನೆಗೆ ಕೇಳಿದೆ: "ಗೊತ್ತಿದ್ದೂ ಯಾಕ ಮಾಡಿದ್ರಿ, ಮಾಸ್ತರ?"

ಅವರು ಮೋಟರಿನ ಮೆಟ್ಟಿಲ ಮೇಲೆ ನಿಂತು ನಕ್ಕರು. "ಯಾಕ ಅಂತ ಕೇಳಾಕ ಕಲತಿ ನೋಡು." ಅಷ್ಟೇ. ಮೋಟರು ಧೂಳೆಬ್ಬಿಸಿ ಹೊರಟಿತು.

ನಾನೀಗ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳನ್ನು ನಗಿಸಿ ಚಾದರ ಮಾರುತ್ತೇನೆ. ಮೊದಲ ಸಂಬಳದಲ್ಲಿ ಅಪ್ಪನ ಮಗ್ಗದಿಂದಲೇ ಬಂದ ಒಂದು ಚಾದರ ಕೊಂಡು ಮಾಸ್ತರರಿಗೆ ಕೊಡಲೆಂದು ಅಕ್ಕಲಕೋಟೆಗೆ ಹೋಗಿದ್ದೆ. ಬಾಗಿಲಿಗೆ ಕೀಲಿ. ನೆರೆಮನೆಯ ಅಜ್ಜಿ, "ಮಾಸ್ತರು ಜ್ವರಾ ಬಂದು ತೀರಿ ಹೋಗ್ಬಿಟ್ರಪಾ. ಹೆಂಡತಿ ಮಗಳನ್ನ ಕರಕೊಂಡು ತವರಿಗೆ ಹೋಗ್ಯಾಳ," ಎಂದಳು. ಚಾದರ ನನ್ನ ಜೊತೆ ಹಿಂದಿರುಗಿ ಟ್ರಂಕು ಸೇರಿತು.

ಈಗ ಅದು ಹಗ್ಗದ ಮೇಲೆ ಒಣಗುತ್ತಿದೆ. ಗಂಜಿ ಹೋಯಿತು, ವಾಸನೆಯೂ ಹೋಯಿತು. ಎದುರಿನ ಖೋಲಿಯಲ್ಲಿ ಬೇರೆ ಯಾರೋ ಇದ್ದಾರೆ; ತೊಟ್ಟಿಲ ಕೊಂಡಿಗೆ ಉಳ್ಳಾಗಡ್ಡಿಯ ಚೀಲ ನೇತುಹಾಕಿದ್ದಾರೆ. ಮಾಸ್ತರರ ದನಿ ತೆಗೆಯಲು ನೋಡಿದೆ. ಕನ್ನಡಕ ಒರೆಸುವ ತನಕ ಬಂತು... ಮುಂದೆ ಬರಲಿಲ್ಲ.

"ಒಣಗಿದ ಮ್ಯಾಲೆ ಹೊದಕೊಂಡು ಮಲಕೋಪಾ," ಅಂದಳು ಅವ್ವ, "ಚೊಲೋ ನಿದ್ದಿ ಬರ್ತದ."

ಬರಲಿಕ್ಕಿಲ್ಲ ಅವ್ವ, ಎಂದೆ. ಬಾಯಿಂದ ಬಂದದ್ದು ಆ ಸೀಳಿದ ಪೀಪಿ, ನನ್ನದೇ ದನಿ.