ಮೂರು ತಾಸಿನ ದಾರಿಯಲ್ಲಿ ಕಳೆದ ಕುಸ್ತಿ

ಕಾಲೇಜಿನ ಪರೀಕ್ಷೆ, ಗುವಾಹಟಿಯ ಕುಸ್ತಿ ಪಂದ್ಯ ಒಂದರ ಬೆನ್ನಿಗೊಂದು ಬಂದಿದ್ದವು. ಹಳಿಯಾಳದ ನಮ್ಮ ಗರಡಿಯ ಹುಡುಗಿಯರು, ಕುಸ್ತಿ ಕಲಿಸುವ ವಸ್ತಾದರ ಜೊತೆ ಮೊದಲೇ ರೈಲು ಹತ್ತಿದರು. ಪರೀಕ್ಷೆ ಮುಗಿಸಿ ಗೋವಾದಿಂದ ವಿಮಾನದಲ್ಲಿ ಬಾ, ತೂಕ ಮಾತ್ರ ಏರಿಸಿಕೊಳ್ಳಬೇಡ ಎಂದು ವಸ್ತಾದರು ನನಗೆ ಹೇಳಿ ಹೋಗಿದ್ದರು. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ವಿಮಾನ ಹತ್ತಿದವರಲ್ಲ.

ಅಪ್ಪ ಫೋನಿನಲ್ಲಿ ಹುಡುಕಿದ. ಗೋವಾದಿಂದ ಗುವಾಹಟಿಗೆ ಎರಡು ಸಾವಿರದ ಇನ್ನೂರು ಕಿಲೋಮೀಟರ್, ಹಾರಾಟ ಮೂರು ತಾಸು ಎಂದು ತೋರಿಸಿತು.

"ಮೂರ ತಾಸಂದ್ರ ಧಾರವಾಡಕ್ಕ ಹೋಗಿ ಬಂದಂಗ ಆತು" ಎಂದ.

ಟಿಕೆಟಿನಲ್ಲಿ ದೆಹಲಿಯ ಹೆಸರೂ ಇತ್ತು. ಅಳ್ನಾವರದಲ್ಲಿ ಬಸ್ಸು ನಿಲ್ಲುವ ಹಾಗೆ ಅಲ್ಲೊಂದಿಷ್ಟು ನಿಲ್ಲಬಹುದು ಎಂದುಕೊಂಡೆವು.

ಆ ಮೂರು ತಾಸನ್ನು ನಂಬಿ, ಮುಟ್ಟಿದೊಡನೆ ಮಲಗಿಬಿಟ್ಟರಾಯಿತು ಎಂದುಕೊಂಡು, ತೂಕ ಇಳಿಸಲು ಹಿಂದಿನ ದಿನದಿಂದಲೇ ಊಟ, ನೀರು ಬಿಟ್ಟಿದ್ದೆ. ಗೋವಾಕ್ಕೆ ಹೊರಟ ಜೀಪು ಅನಮೋಡ ಘಾಟ್ ಇಳಿಯುವಾಗಲೇ ನಾಲಿಗೆ ಅಂಟುತ್ತಿತ್ತು. ದೆಹಲಿಯಲ್ಲಿ ಇಳಿದ ಮೇಲೆ ಗೊತ್ತಾಯಿತು, ಮುಂದಿನ ವಿಮಾನ ಸಂಜೆಗೆ. ಸಂಜೆಯಾದಾಗ ಅದೂ ತಡ ಎಂದರು. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಡಬ್ಬಿ ಬಿಚ್ಚಿದಳು. ಆಲೂ ಪರೋಟ, ಮಾವಿನ ಉಪ್ಪಿನಕಾಯಿ. ನನ್ನ ಮುಖ ನೋಡಿ ಒಂದನ್ನು ಮುಂದೆ ಹಿಡಿದಳು. ಬೇಡವೆಂದು ತಲೆಯಾಡಿಸುತ್ತಲೇ ಕೈ ಚಾಚಿದೆ. ಎರಡನೆಯದನ್ನೂ ಬಿಡಲಿಲ್ಲ. ಆಮೇಲೆ ನಲ್ಲಿಗೆ ಹೋಗಿ ಹೊಟ್ಟೆ ಬಿರಿಯುವಷ್ಟು ನೀರು ಕುಡಿದೆ. ಕುಡಿಯುವಾಗ ಪಂದ್ಯದ ನೆನಪೇ ಇರಲಿಲ್ಲ. ಬಾಯಿ ಒರೆಸಿಕೊಂಡ ಮೇಲೆ ನಾಳೆಯ ತೂಕ ನೆನಪಾಯಿತು.

ಗುವಾಹಟಿ ಮುಟ್ಟಿದಾಗ ರಾತ್ರಿ ಬಹಳವಾಗಿತ್ತು. ಮರುದಿನ ಬೆಳಿಗ್ಗೆ ತೂಕ ನೋಡುವುದಿತ್ತು, ಮಿತಿ ದಾಟಿದರೆ ಆಡುವಂತಿಲ್ಲ. ಅದಕ್ಕೂ ಮುಂಚೆ ಬೆವರಿಳಿಸಲು ಅಂಗಿಯ ಮೇಲೆ ಅಂಗಿ ಹಾಕಿಕೊಂಡು ಮೈದಾನ ಸುತ್ತಿದೆ. ಆದರೂ ಕಾಟಾ ಹೆಚ್ಚೇ ತೋರಿಸಿತು. ನನ್ನನ್ನು ಪಕ್ಕಕ್ಕೆ ಸರಿಸಿ ಮುಂದಿನವಳನ್ನು ಕರೆದರು.

ಹೊರಗೆ ಬಂದಾಗ ವಸ್ತಾದರು ಮೆಲ್ಲಗೆ ಕೇಳಿದರು: "ದಾರ್ಯಾಗ ಏನರ ತಿಂದ್ಯೇನವಾ?"

"ಹೂಂರಿ, ತಿಂದೆ."

ಅವರು ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಬೈಯಲಿಲ್ಲ. ಗೆಳತಿಯರು ಆಡುವಾಗ ಕೂತು ಚಪ್ಪಾಳೆ ಹೊಡಿ ಎಂದಷ್ಟೇ ಹೇಳಿ ಒಳಗೆ ಹೋದರು. ಎರಡು ದಿನ ಚಪ್ಪಾಳೆ ಹೊಡೆದೆ. ನನ್ನ ತೂಕದವರ ಕುಸ್ತಿ ನಡೆದಾಗ ಮಾತ್ರ ನೆಲ ನೋಡುತ್ತ ಕೂತೆ.

ನಡೆದದ್ದನ್ನೆಲ್ಲ ಫೋನಿನಲ್ಲೇ ಅಪ್ಪನಿಗೆ ಹೇಳಿದ್ದೆ. ಊರಿಗೆ ಬಂದಾಗ ಓಣಿಯವರು ಸುತ್ತ ನೆರೆದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ವಿಮಾನ ತಡಾ ಆತರಿ, ಹುಡುಗಿ ತೂಕದ ಹೊತ್ತಿಗೆ ಮುಟ್ಟಲಿಲ್ಲ" ಎಂದ. ಸಂತೆಯಲ್ಲಿ ಕರು ಮಾರುವಾಗಲೂ ಅದರ ಐಬು ತಾನೇ ಮುಂದಾಗಿ ಹೇಳುವ ಮನುಷ್ಯ. ಅಷ್ಟು ಜನರ ನಡುವೆ ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಕೆಲವು ದಿನ ಗರಡಿಯ ಕಡೆ ಹೋಗಲಿಲ್ಲ. ಕೊನೆಗೆ ವಸ್ತಾದರೇ ಮನೆಗೆ ಬಂದು ಕರೆದೊಯ್ದರು. ಈಗ ಮೊದಲಿಗಿಂತ ಒಂದು ಮೇಲಿನ ತೂಕದ ವಿಭಾಗದಲ್ಲಿ ಆಡುತ್ತೇನೆ, ಗೆಲ್ಲುತ್ತಲೂ ಇದ್ದೇನೆ. ಓಣಿಯಲ್ಲಿ ಯಾರಾದರೂ, "ಪಾಪ, ಆವತ್ತ ವಿಮಾನ ಕೈ ಕೊಡ್ತು" ಎಂದರೆ ಇಂದಿಗೂ ಹೂಂ ಎನ್ನುತ್ತೇನೆ.