ನಾನು ನೀರಿಗೆ ಬಿಟ್ಟ ಹೂವು

ಮೊನ್ನೆ ನಮ್ಮೂರ ಕಟ್ಟೆಯಿಂದ ಜೆಸಿಬಿಯವರು ನೀರ ಮೇಲೆಲ್ಲ ಹಬ್ಬಿದ್ದ ಅಂತರಗಂಗೆ ಗಿಡ ಎತ್ತಿ ದಡಕ್ಕೆ ಸುರಿಯುತ್ತಿದ್ದರು. ಕೊಳೆತ ಬೇರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಅಜ್ಜಿಯ ಹಿತ್ತಿಲು ಕಣ್ಣ ಮುಂದೆ ಬಂತು: ಸುಲಿದ ತೆಂಗಿನಕಾಯಿಯ ರಾಶಿ, ಬಚ್ಚಲ ಹೊಗೆ, ಮೂಲೆಯಲ್ಲಿ ಹಸು ಬಾಯಿಡದ ಹಳೆಯ ಕಲ್ಲುಬಾನಿ. ಆ ಬಾನಿಗೆ ಮೊದಲ ಗಿಡ ತಂದು ಹಾಕಿದವಳು ನಾನು, ಆಗಿನ್ನೂ ಶಾಲೆಯ ಹುಡುಗಿ. ತಿಪಟೂರಿನ ಗೆಳತಿಯ ಮನೆಯ ತೊಟ್ಟಿಯಲ್ಲಿ ಕಂಡು, ಕಾಡಿ ಬೇಡಿ, ಟಿಫನ್ ಡಬ್ಬಿಯಲ್ಲಿ ತಂದಿದ್ದೆ. ತಿಳಿನೇರಳೆ ಹೂವು, ಮೇಲಿನ ಎಸಳಿನಲ್ಲಿ ನವಿಲುಗಣ್ಣು. ಹೆಸರು ಕೇಳಿಯೇ ಅಜ್ಜಿ ಕರಗಿಬಿಟ್ಟಳು. ಗಂಗೆ ಅಂದಮೇಲೆ ಶಿವನಿಗೆ ಬೇಡವೇ? ದಿನವೂ ಲಿಂಗಪೂಜೆಗೆ ಅದೇ ಹೂವು. ಅಜ್ಜಿಗೆ ಮಗಳಷ್ಟೇ ಹತ್ತಿರವಾಗಿದ್ದ ಪಕ್ಕದ ಮನೆಯ ಗೌರತ್ತೆಯೂ ಒಂದು ಗಿಡ ಕೇಳಿ ಒಯ್ದಳು.

ತಿಂಗಳೊಳಗೆ ಬಾನಿ ತುಂಬಿತು. "ಅರ್ಧ ಕಿತ್ತು ತಿಪ್ಪೆಗೆ ಹಾಕೇ," ಅಂದಳು ಅಜ್ಜಿ. ಹೇಗೆ ಹಾಕಲಿ? ಪೂಜೆಯ ಹೂವನ್ನು ಕಾಲಿಗೆ ಸಿಗುವಲ್ಲಿ ಎಸೆಯಬಾರದು, ನೀರಿಗೆ ಬಿಡಬೇಕು ಅಂತ ಕಲಿಸಿದವಳೂ ಅವಳೇ. ಮಂಕರಿ ತುಂಬಿಕೊಂಡು ಹೋಗಿ ಕಟ್ಟೆಗೆ ಬಿಟ್ಟೆ. ಕೈಮುಗಿದೂ ಬಂದೆ, ನೋಡಿ, ನನ್ನ ಭಕ್ತಿ!

ಎರಡು ಮಳೆಗಾಲ ಕಳೆಯುವುದರೊಳಗೆ ಕಟ್ಟೆಯಲ್ಲಿ ನೀರೇ ಕಾಣದಂತಾಯಿತು. ನಿಮ್ಮೂರ ಕೆರೆಯಲ್ಲೂ ಒಂದು ಕಾಲಕ್ಕೆ ತಾವರೆ ಇದ್ದಿರಬೇಕು. ನಮ್ಮ ಕಟ್ಟೆಯ ತಾವರೆಗಳು ಅಂತರಗಂಗೆಯ ಅಡಿ ಉಸಿರುಕಟ್ಟಿ ಸತ್ತವು. ಅಜ್ಜಿ ನೇರ ಗೌರತ್ತೆಯ ಬಾಗಿಲಿಗೇ ಹೋದಳು.

"ನಮ್ಮನೇಲಿ ಇಸ್ಕೊಂಡು ಹೋಗಿ ಕಟ್ಟೆಗೆ ಸುರಿದೇನೇ?"

"ನಾನಲ್ಲ ಕಣ್ ದೊಡ್ಡವ್ವ," ಅಂದ ಗೌರತ್ತೆ ನನ್ನ ಕಡೆ ನೋಡಿದಳು. ನಾನು ಅಜ್ಜಿಯ ಸೆರಗು ಹಿಡಿದು ನೆಲ ನೋಡಿದೆ. ಅವತ್ತಿನಿಂದ ಆ ಎರಡು ಮನೆಗಳ ನಡುವೆ ಮಜ್ಜಿಗೆ, ಕರಿಬೇವು ಓಡಾಡಲಿಲ್ಲ. ಅಜ್ಜಿ ತೀರಿಕೊಂಡ ದಿನ ಗೌರತ್ತೆ ಬೀದಿಯಲ್ಲೇ ನಿಂತು ಅತ್ತಳು, ಒಳಗೆ ಬರಲಿಲ್ಲ. ಈಗ ಅಜ್ಜಿಯ ಮನೆಯಿದ್ದ ಜಾಗದಲ್ಲಿ ಯಾರದೋ ಕೊಬ್ಬರಿ ಗೋಡೌನ್ ಎದ್ದಿದೆ.

ಇತ್ತೀಚೆಗೆ ನಾನು ತೊಟ್ಟಿಯಲ್ಲಿ ನಮ್ಮ ಸೀಮೆಯ ನೈದಿಲೆ ಬೆಳೆಸುತ್ತೇನೆ, ಕೇಳಿದವರಿಗೆಲ್ಲ ಗೆಡ್ಡೆ ಕೊಡುತ್ತೇನೆ. ಯಾರ ಮನೆಯಲ್ಲಿ ಅಂತರಗಂಗೆ ಕಂಡರೂ, ಕಿತ್ತು ಬಿಸಿಲಿಗೆ ಒಣಗಿಸಿ, ನೀರಿಗೆ ಮಾತ್ರ ಬಿಡಬೇಡಿ ಎಂದು ಗೋಗರೆಯುತ್ತೇನೆ. ಅಷ್ಟರಿಂದ ನನ್ನ ತಪ್ಪು ತೀರುವುದಿಲ್ಲ, ಗೊತ್ತು. ಮೊನ್ನೆ ಕಟ್ಟೆಯಿಂದ ಸೀದಾ ಗೌರತ್ತೆಯ ಮನೆಗೆ ಹೋದೆ. ಎಪ್ಪತ್ತು ದಾಟಿದ ಅವಳ ಮುಂದೆ ಕೂತು, ಅವತ್ತು ಸುರಿದವಳು ನಾನೇ ಅಂದೆ.

"ಗೊತ್ತಿತ್ತು ಕಣವ್ವ," ಅಂದಳು. "ಕಣ್ಣಾರೆ ಕಂಡಿದ್ದೆ. ಮಗು ಒದೆ ತಿಂತದೆ ಅಂತ ಸುಮ್ನಾದೆ. ನೀನೇ ಒಂದಿನ ಹೇಳ್ತೀಯ ಅನ್ಕೊಂಡಿದ್ದೆ, ದೊಡ್ಡವ್ವ ಇರೋವಾಗ್ಲೇ."